ಆಗುಂಬೆಯ ಮಳೆ ಉದಯಪುರದಲ್ಲಿ

ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ ದೇಶದ ದಿನದಿನದ ಮಳೆಯ ಲೆಕ್ಕವನ್ನು 1901ರಿಂದ ಈಚೆಗೆ ವರ್ಷಕ್ಕೊಂದು ಫೈಲಿನಂತೆ ಸಾರ್ವಜನಿಕರಿಗೆ ಕೊಡುತ್ತದೆ. ದೇಶದ ಭೂಪಟದ ಮೇಲೆ ಕಾಲು ಡಿಗ್ರಿಗೊಂದು ಗೆರೆ ಎಳೆದು, ಗೆರೆಗಳು ಕೂಡುವ ಪ್ರತಿ ಬಿಂದುವಿಗೂ ಆ ದಿನ ಎಷ್ಟು ಮಿಲಿಮೀಟರ್ ಮಳೆ ಎಂದು ಬರೆದ ಫೈಲು ಅದು. ಪಶ್ಚಿಮದಿಂದ ಪೂರ್ವಕ್ಕೆ 135 ಬಿಂದು, ದಕ್ಷಿಣದಿಂದ ಉತ್ತರಕ್ಕೆ 129 ಬಿಂದು. ಅಂದರೆ ದಿನಕ್ಕೆ 17,415 ಸಂಖ್ಯೆಗಳು, ಒಂದೊಂದಕ್ಕೆ 4 ಬೈಟ್. ಸಾಧಾರಣ ವರ್ಷದ ಫೈಲು 2,54,25,900 ಬೈಟ್ ತೂಗುತ್ತದೆ, ಅಧಿಕ ವರ್ಷದ್ದು 2,54,95,560. ಫೈಲನ್ನು ತೆರೆಯದೆ ತೂಕ ನೋಡಿಯೇ ಅದು ಅಧಿಕ ವರ್ಷವೋ ಅಲ್ಲವೋ ಹೇಳಬಹುದು. ಅದಕ್ಕಿಂತ ಹೆಚ್ಚಿನ ಯಾವುದನ್ನೂ ಆ ಫೈಲು ತಾನಾಗಿ ಹೇಳುವುದಿಲ್ಲ.

ಒಳಗಿರುವುದು ಬರೀ ಸಂಖ್ಯೆಗಳ ಸಾಲು. ಆಗುಂಬೆಗೆ ಹತ್ತಿರದ ಬಿಂದು 13.5 ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವದ್ದು. ಸೊನ್ನೆಯಿಂದ ಎಣಿಸಿದರೆ ಅದು ಪ್ರತಿ ದಿನದ ಸಾಲಿನಲ್ಲಿ 3814ನೆಯ ಸಂಖ್ಯೆ. ಫೋರ್ಟ್ರಾನ್ ಭಾಷೆಯಲ್ಲಿ ಈ ಫೈಲನ್ನು ಓದುವವರು ಅಳತೆಯನ್ನು 135, 129 ಎಂದು ಬರೆಯುತ್ತಾರೆ, ಏಕೆಂದರೆ ಫೋರ್ಟ್ರಾನ್‌ನಲ್ಲಿ ಮೊದಲು ಬರೆದ ಅಳತೆ ಬೇಗ ಓಡುತ್ತದೆ. ಸಿ ಭಾಷೆಯಲ್ಲೂ ಪೈಥಾನ್‌ನಲ್ಲಿ ವಾಡಿಕೆಯ ಕ್ರಮದಲ್ಲೂ ಕೊನೆಗೆ ಬರೆದದ್ದು ಬೇಗ ಓಡುತ್ತದೆ, ಹಾಗಾಗಿ ಅಲ್ಲಿ ಅದನ್ನೇ 129, 135 ಎಂದು ತಿರುವಿ ಬರೆಯಬೇಕು. ಫೋರ್ಟ್ರಾನ್ ಪ್ರೋಗ್ರಾಂ ನೋಡಿಕೊಂಡು ಯಾರೋ ಪೈಥಾನ್‌ನಲ್ಲಿಯೂ 135, 129 ಎಂದೇ ಬರೆದರು ಅನ್ನಿ. ಆಗ ಏನಾಗುತ್ತದೆ? ಏನೂ ಆಗುವುದಿಲ್ಲ. ಪ್ರೋಗ್ರಾಂ ನಿಲ್ಲುವುದಿಲ್ಲ, ತಕರಾರು ಮಾಡುವುದಿಲ್ಲ. ಯಾವ ಕ್ರಮದಲ್ಲಿ ಗುಣಿಸಿದರೂ 17,415 ತಾನೇ? ಆದರೆ ಆ 3814ನೆಯ ಸಂಖ್ಯೆ ಈಗ 24.75 ಡಿಗ್ರಿ ಉತ್ತರ, 73.75 ಡಿಗ್ರಿ ಪೂರ್ವಕ್ಕೆ ಹೋಗಿ ಕೂತಿರುತ್ತದೆ. ನಕ್ಷೆ ತೆಗೆದು ನೋಡಿ. ಅದು ರಾಜಸ್ಥಾನ, ಉದಯಪುರದ ಆಸುಪಾಸು.

ಆಗುಂಬೆಯ ಮಳೆ ಉದಯಪುರದಲ್ಲಿ ಸುರಿಯಿತು, ಯಾರಿಗೂ ಗೊತ್ತಾಗಲಿಲ್ಲ. ಇಡೀ ದೇಶದ ಚಿತ್ರ ಬರೆದು ನೋಡಿದವರಿಗೆ ಎಡವಟ್ಟು ಕಣ್ಣಿಗೆ ಹೊಡೆಯುತ್ತದೆ ನಿಜ. ಆದರೆ ಒಂದು ಜಿಲ್ಲೆಯ ಸರಾಸರಿ ಮಾತ್ರ ತೆಗೆದುಕೊಂಡು ಮುಂದಿನ ಲೆಕ್ಕಕ್ಕೆ ಹೋಗುವವರಿಗೆ ಅದು ಎಲ್ಲಿಯೂ ಕಾಣುವುದಿಲ್ಲ. ಆ ಸರಾಸರಿ ಬೆಳೆ ವಿಮೆಯ ಲೆಕ್ಕಕ್ಕೂ ಹೋಗಬಹುದು, ಕೆರೆಯ ಯೋಜನೆಗೂ ಹೋಗಬಹುದು.

ಇಲಾಖೆಯನ್ನು ಬಯ್ಯಲು ಇದನ್ನು ಬರೆಯುತ್ತಿಲ್ಲ. ಇಲಾಖೆ ಮಾಡಬೇಕಾದದ್ದನ್ನು ಮಾಡಿದೆ: ಫೈಲಿನ ಜೊತೆ ವಿವರಣೆ ಕೊಟ್ಟಿದೆ, ಓದುವ ಮಾದರಿ ಪ್ರೋಗ್ರಾಂ ಕೊಟ್ಟಿದೆ, ವಿವರಗಳನ್ನು ತನ್ನೊಳಗೇ ಹೊತ್ತ ನೆಟ್‌ಸಿಡಿಎಫ್ ರೂಪದಲ್ಲೂ ಅದೇ ಲೆಕ್ಕ ಕೊಟ್ಟಿದೆ. ನನ್ನ ಜಗಳ ಇರುವುದು ಅಷ್ಟನ್ನೂ ಮಾಡದವರ ಜೊತೆ. ತಮ್ಮ ಪ್ರೋಗ್ರಾಂ ತನ್ನ ಮೆಮೊರಿಯಲ್ಲಿದ್ದದ್ದನ್ನು ಇದ್ದಂತೆಯೇ ಡಿಸ್ಕಿಗೆ ಸುರಿದು, ಅದಕ್ಕೊಂದು ಹೆಸರಿಟ್ಟು, "ಡೇಟಾ ಕಳಿಸಿದ್ದೇವೆ, ನೋಡಿಕೊಳ್ಳಿ" ಅನ್ನುವವರ ಜೊತೆ. ಅದು ಡೇಟಾ ಅಲ್ಲ. ವ್ಯಾಕರಣವನ್ನು ಮನೆಯಲ್ಲಿಟ್ಟುಕೊಂಡು ಅಕ್ಷರಗಳನ್ನು ಮಾತ್ರ ಬೀದಿಗೆ ಎಸೆದದ್ದು.

ಫೈಲು ಹೇಳದೆ ಬಿಟ್ಟ ಮಾತು

ಬೈಟ್ ಅಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ. ಅದಕ್ಕಿಂತ ದೊಡ್ಡದನ್ನು ಬರೆಯಲು ಹಲವು ಬೈಟ್ ಬೇಕು. 258 ಅನ್ನುವುದು ಒಂದು 256 ಮತ್ತು ಎರಡು ಬಿಡಿ. ಅದನ್ನು 1, 2 ಎಂದು ಬರೆಯಬಹುದು, 2, 1 ಎಂದೂ ಬರೆಯಬಹುದು. ಒಬ್ಬರು ಒಂದು ಕ್ರಮದಲ್ಲಿ ಬರೆದು ಇನ್ನೊಬ್ಬರು ಇನ್ನೊಂದರಲ್ಲಿ ಓದಿದರೆ 258 ಹೋಗಿ 513 ಆಗುತ್ತದೆ. ಇಂದಿನ ನಮ್ಮ ಲ್ಯಾಪ್‌ಟಾಪ್‌ಗಳು ಬಿಡಿಯನ್ನು ಮೊದಲು ಬರೆಯುತ್ತವೆ. ಜಾವಾದ ಡೇಟಾ ಬರೆಯುವ ಸಲಕರಣೆ ಯಾವ ಯಂತ್ರದ ಮೇಲಿದ್ದರೂ ದೊಡ್ಡದನ್ನು ಮೊದಲು ಬರೆಯುತ್ತದೆ. ಒಂದೇ ಲ್ಯಾಪ್‌ಟಾಪಿನ ಮೇಲೆ ಸಿ ಪ್ರೋಗ್ರಾಂ ಬರೆದದ್ದನ್ನು ಜಾವಾ ಪ್ರೋಗ್ರಾಂ ತಲೆಕೆಳಗಾಗಿ ಓದುವುದು ಹೀಗೆ.

ಇದು ನಮಗೆ ಹೊಸದಲ್ಲ. ಕನ್ನಡದಲ್ಲಿ ಇಪ್ಪತ್ತೊಂದು, ದೊಡ್ಡದು ಮೊದಲು. ಮರಾಠಿಯಲ್ಲಿ ಏಕವೀಸ್, ಬಿಡಿ ಮೊದಲು. ಮುಂಬೈ, ಪುಣೆಗೆ ಹೊಸದಾಗಿ ಬಂದು ಫೋನ್ ನಂಬರ್ ಬರೆದುಕೊಂಡವರಿಗೆ ಇದರ ಕಷ್ಟ ಗೊತ್ತು. ಸಂಸ್ಕೃತದ ಭೂತಸಂಖ್ಯೆಯ ಪದ್ಧತಿಯಲ್ಲಿ ಗುಣ ಅಂದರೆ 3, ಬಾಣ ಅಂದರೆ 5, ಆದರೆ "ಗುಣ ಬಾಣ" ಅಂದರೆ 35 ಅಲ್ಲ, 53. ಅಂಕಿಗಳು ಎಡಕ್ಕೆ ಸಾಗುತ್ತವೆ ಎಂಬ ನಿಯಮವನ್ನು ಎಲ್ಲರೂ ಒಪ್ಪಿಕೊಂಡಿದ್ದರು, ಕಲಿಸುತ್ತಿದ್ದರು. ಅದಕ್ಕೇ ಆ ಪದ್ಧತಿಯಲ್ಲಿ ಬರೆದ ಶಕವರ್ಷವನ್ನು ನಾವು ಇಂದಿಗೂ ಓದಬಲ್ಲೆವು. ಕ್ರಮ ಯಾವುದಾದರೇನು, ಯಾವುದೆಂದು ಹೇಳಿದರೆ ಸಾಕು. ಡ್ಯಾನಿ ಕೋಹೆನ್ ಅನ್ನುವವರು 1980ರಲ್ಲೇ ಈ ಬೈಟ್ ಕ್ರಮದ ಜಗಳವನ್ನು ಗಲಿವರನ ಕಥೆಯ ಮೊಟ್ಟೆ ಒಡೆಯುವ ಜಗಳಕ್ಕೆ ಹೋಲಿಸಿ, ಯಾವುದಾದರೂ ಒಂದಕ್ಕೆ ಒಪ್ಪಿಕೊಳ್ಳಿ ಎಂದು ಬರೆದಿದ್ದರು. ನಲವತ್ತು ವರ್ಷ ದಾಟಿದರೂ ಒಪ್ಪಿಗೆಯಾಗಿಲ್ಲ. ಹೋಗಲಿ, ಯಾವ ಕ್ರಮ ಎಂದು ಫೈಲಿನ ತಲೆಯ ಮೇಲೆ ಬರೆಯುವ ಸೌಜನ್ಯವಾದರೂ ಬೇಡವೇ?

ತಪ್ಪು ಕ್ರಮದಲ್ಲಿ ಓದಿದರೆ ಅಸಂಬದ್ಧ ಸಂಖ್ಯೆ ಬಂದು ಗೊತ್ತಾಗಿಯೇ ಆಗುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಮಳೆಯ ಫೈಲಿಗೇ ಬನ್ನಿ. ಮಳೆಯ ಲೆಕ್ಕ ಇಲ್ಲದ ಬಿಂದುಗಳಿಗೆ ಅಲ್ಲಿ -999 ಎಂದು ಬರೆದಿದೆ. ಆ ನಾಲ್ಕು ಬೈಟ್‌ಗಳನ್ನು ತಿರುಗಾಮುರುಗಾ ಓದಿದರೆ ಬರುವುದು ದಶಮಾಂಶ ಬಿಂದುವಿನ ನಂತರ 37 ಸೊನ್ನೆಗಳಿರುವ ಒಂದು ಸಣ್ಣ ಸಂಖ್ಯೆ. ಎರಡು ದಶಮಾಂಶಕ್ಕೆ ಅಚ್ಚು ಮಾಡಿದರೆ ಅದು 0.00. "ಲೆಕ್ಕ ಇಲ್ಲ" ಅನ್ನುವ ಮಾತು "ಮಳೆ ಇಲ್ಲ" ಆಗಿಬಿಟ್ಟಿತು. ಎರಡರ ನಡುವೆ ಎಷ್ಟು ಅಂತರವಿದೆ ಎಂದು ಬರಗಾಲದ ತಾಲ್ಲೂಕಿನವರನ್ನು ಕೇಳಿ.

ಇನ್ನು ಅಳತೆಯ ಮಾನ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ಕೈತಪ್ಪಿತು. ಲಾಕ್‌ಹೀಡ್ ಮಾರ್ಟಿನ್ ಬರೆದ ಒಂದು ಪ್ರೋಗ್ರಾಂ ನೌಕೆಯ ಸಣ್ಣ ನೂಕುಗಳ ಲೆಕ್ಕವನ್ನು ಫೈಲಿಗೆ ಹಾಕುತ್ತಿತ್ತು. ದಾರಿ ಲೆಕ್ಕ ಹಾಕುವ ತಂಡದ ಇನ್ನೊಂದು ಪ್ರೋಗ್ರಾಂ ಅದನ್ನು ಓದುತ್ತಿತ್ತು. ಬರೆದದ್ದು ಪೌಂಡಿನ ಲೆಕ್ಕದಲ್ಲಿ, ಓದಿದ್ದು ನ್ಯೂಟನ್ ಲೆಕ್ಕದಲ್ಲಿ. ಸುಮಾರು 4.45 ಪಟ್ಟು ವ್ಯತ್ಯಾಸ. ಇಲ್ಲಿ ಗಮನಿಸಬೇಕಾದ ಸಂಗತಿ ಇದು: ಮೆಟ್ರಿಕ್ ಮಾನವನ್ನೇ ಬಳಸಬೇಕು ಎಂದು ಕಾಗದದ ಮೇಲೆ ಬರೆದಿತ್ತು. ಕಾಗದ ಒಂದು ಕಡೆ, ಫೈಲು ಇನ್ನೊಂದು ಕಡೆ ಇದ್ದವು. ಆದ್ದರಿಂದಲೇ ನಾನು ಹೇಳುವುದು, ವಿವರಣೆ ಎಲ್ಲೋ ಇದ್ದರೆ ಸಾಲದು. ಅದು ಫೈಲಿನ ಜೊತೆಗೇ ಪ್ರಯಾಣ ಮಾಡಬೇಕು, ಓದುವ ಪ್ರೋಗ್ರಾಂ ಅದನ್ನು ಪರೀಕ್ಷಿಸಬೇಕು.

"ನಮ್ಮಲ್ಲಿ ಓಡುತ್ತದೆ"

ಪ್ರೋಗ್ರಾಮರ್‌ಗಳ ಬಾಯಲ್ಲಿ ಅತಿ ಹೆಚ್ಚು ಬರುವ ಸಮರ್ಥನೆ ಇದು. ಓಡದೆ ಏನು? ಬರೆದವರೇ ಓದಿದರೆ ಎಲ್ಲವೂ ಓಡುತ್ತದೆ. ನಮ್ಮ ಅಜ್ಜಿಯಂದಿರ ಅಡುಗೆ ಲೆಕ್ಕವೂ ಹಾಗೆಯೇ, "ಒಂದು ಹಿಡಿ, ಅಂದಾಜಿಗೆ ಉಪ್ಪು". ಅವರ ಕೈಯಲ್ಲಿ ಅದು ಎಂದೂ ತಪ್ಪಲಿಲ್ಲ. ಹಿಡಿ ಯಾರದು ಎಂಬ ಪ್ರಶ್ನೆ ಬರುವುದು ಸೊಸೆ ಅಡುಗೆಗೆ ಇಳಿದಾಗ.

ಸಿ ಭಾಷೆಯಲ್ಲಿ ಒಂದು ಬೈಟ್‌ನ ಗುರುತು ಮತ್ತು ನಾಲ್ಕು ಬೈಟ್‌ನ ಸಂಖ್ಯೆಯನ್ನು ಒಂದು ಗಂಟಿನಲ್ಲಿ ಕಟ್ಟಿದರೆ ಐದು ಬೈಟ್ ಆಗಬೇಕು. ಸಾಮಾನ್ಯವಾಗಿ ಎಂಟು ಆಗುತ್ತದೆ. ಯಂತ್ರಕ್ಕೆ ಓದಲು ಸಲೀಸಾಗಲಿ ಎಂದು ಕಂಪೈಲರ್ ನಡುವೆ ಮೂರು ಬೈಟ್ ಖಾಲಿ ಬಿಡುತ್ತದೆ. ಆ ಗಂಟನ್ನು ಹಾಗೆಯೇ ಫೈಲಿಗೆ ಎಸೆದರೆ ಆ ಮೂರು ಖಾಲಿ ಬೈಟ್‌ಗಳೂ ಹೋಗುತ್ತವೆ, ಅವುಗಳಲ್ಲಿ ಏನು ಕಸವಿದೆಯೋ ಅದೂ ಹೋಗುತ್ತದೆ. ಐದೈದು ಬೈಟ್ ಎಂದು ನಂಬಿ ಪೈಥಾನ್‌ನಲ್ಲಿ ಓದುವವರಿಗೆ ಮೊದಲ ದಾಖಲೆಯಿಂದಲೇ ಎಲ್ಲವೂ ಜರುಗಿರುತ್ತದೆ. ಸಿ ಭಾಷೆಯ "ಲಾಂಗ್" ಎಂಬ ಸಂಖ್ಯೆ 64 ಬಿಟ್‌ನ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್‌ನ ವಿಂಡೋಸ್‌ನಲ್ಲಿ 4 ಬೈಟ್. ಇಲ್ಲಿ ಭಾಷೆ ಕೂಡ ಬದಲಾಗಿಲ್ಲ, ಯಂತ್ರ ಮಾತ್ರ ಬದಲಾಗಿದೆ.

ಫೋರ್ಟ್ರಾನ್‌ಗೆ ಅದರದೇ ಒಂದು ಅಭ್ಯಾಸವಿದೆ. ವಾಡಿಕೆಯ ಬೈನರಿ ಫೈಲಿನಲ್ಲಿ ಪ್ರತಿ ದಾಖಲೆಯ ಮುಂದೆಯೂ ಹಿಂದೆಯೂ ಅದರ ಉದ್ದವನ್ನು ತಾನಾಗಿಯೇ ಬರೆದುಬಿಡುತ್ತದೆ. ಪ್ರೋಗ್ರಾಂ ಬರೆದವರಿಗೆ ಅದು ಕಾಣುವುದೇ ಇಲ್ಲ, ಓದುವಾಗ ಫೋರ್ಟ್ರಾನ್ ಅದನ್ನು ನುಂಗಿಕೊಂಡಿರುತ್ತದೆ. ಅದೇ ಫೈಲನ್ನು ಬೇರೆ ಭಾಷೆಯಲ್ಲಿ ತೆರೆದರೆ ಯಾರೂ ಬರೆಯದ ಸಂಖ್ಯೆಗಳು ಅಲ್ಲಲ್ಲಿ ಕೂತಿರುತ್ತವೆ. ಆ ಉದ್ದದ ಗುರುತು ಜಿಫೋರ್ಟ್ರಾನ್‌ನ ಹಳೆಯ ಆವೃತ್ತಿಗಳಲ್ಲಿ ಹೆಚ್ಚಿನ ಯಂತ್ರಗಳ ಮೇಲೆ 8 ಬೈಟ್ ಇತ್ತು, ಈಗ 4 ಬೈಟ್. ಅಂದರೆ ಫೋರ್ಟ್ರಾನ್ ಬರೆದದ್ದನ್ನು ಫೋರ್ಟ್ರಾನ್ ಕೂಡ ಓದಲಾರದ ಸಂದರ್ಭಗಳಿದ್ದವು.

ಇವಕ್ಕಿಂತ ಸೋಮಾರಿತನದ್ದು ಪೈಥಾನ್‌ನ ಪಿಕಲ್. ಉಪ್ಪಿನಕಾಯಿ ಎಂಬ ಹೆಸರು ಚೆನ್ನಾಗಿಯೇ ಇದೆ, ಆದರೆ ಈ ಭರಣಿಯ ಮುಚ್ಚಳ ತೆಗೆಯಲು ಪೈಥಾನೇ ಬೇಕು. ನಂಬಿಕೆ ಇಲ್ಲದವರ ಪಿಕಲ್ ಫೈಲನ್ನು ತೆರೆಯಬೇಡಿ, ಅದು ನಿಮ್ಮ ಯಂತ್ರದಲ್ಲಿ ಏನು ಬೇಕಾದರೂ ಓಡಿಸಬಲ್ಲದು ಎಂದು ಪೈಥಾನ್‌ನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಹಾಗಿದ್ದೂ ಸಂಶೋಧನೆಯ ದತ್ತಾಂಶವನ್ನು ಪಿಕಲ್ ಮಾಡಿ "ಎಲ್ಲರಿಗೂ ಮುಕ್ತ" ಎಂದು ಹಂಚುವವರಿದ್ದಾರೆ. ಯಾರಿಗೆ ಮುಕ್ತ? ಅದೇ ಭಾಷೆ, ಅದೇ ಲೈಬ್ರರಿಗಳು ಇರುವವರಿಗೆ ಮಾತ್ರ.

ಇಂಗ್ಲಿಷ್ ಮುಚ್ಚಿಟ್ಟದ್ದು, ಕನ್ನಡ ಬಯಲಿಗೆ ತಂದದ್ದು

ಅನುವಾದ ಮಾಡಿಕೊಂಡು ಬದುಕುವವಳು, ಭಾಷಾಶಾಸ್ತ್ರ ಓದಿದವಳು, ನಿನಗೇಕೆ ಬೈಟ್‌ಗಳ ಉಸಾಬರಿ ಎಂದು ಕೇಳುವವರಿದ್ದಾರೆ. ಹೇಳುತ್ತೇನೆ. ಈ ಉಡಾಫೆಯ ಬಿಲ್ಲು ಬಹಳ ಸಲ ನಮ್ಮ ಹೆಸರಿಗೇ ಬರುತ್ತದೆ.

"ಕನ್ನಡ" ಎಂಬ ಪದದ ಉದ್ದ ಎಷ್ಟು? ಓದುವ ನಮಗೆ ಮೂರು ಅಕ್ಷರ: ಕ, ನ್ನ, ಡ. ಯುನಿಕೋಡ್ ಸಂಕೇತಗಳನ್ನು ಎಣಿಸಿದರೆ ಐದು, ಏಕೆಂದರೆ ಒತ್ತಕ್ಷರದಲ್ಲಿ ನ, ವಿರಾಮ, ನ ಎಂದು ಮೂರಿವೆ. ಪೈಥಾನನ್ನೂ ಜಾವಾವನ್ನೂ ಕೇಳಿದರೆ ಐದು ಅನ್ನುತ್ತವೆ. ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಹಾಗಾಗಿ ಸಿ, ಗೋ, ರಸ್ಟ್ ಭಾಷೆಗಳು ಹದಿನೈದು ಅನ್ನುತ್ತವೆ. ಯುಟಿಎಫ್-16ರಲ್ಲಿ ಬರೆದರೆ ಹತ್ತು ಬೈಟ್. ನಾಲ್ಕೂ ಸರಿ. ಈಗ ಫೈಲಿನಲ್ಲಿ ಪದದ ಮುಂದೆ ಅದರ ಉದ್ದ ಬರೆದಿದೆ ಅನ್ನಿ. ಐದೋ ಹದಿನೈದೋ? ಬರೆದವರು ಐದು ಎಂದು ಬರೆದು ಓದುವವರು ಐದು ಬೈಟ್ ಎಂದುಕೊಂಡರೆ ಕೈಗೆ ಬರುವುದು "ಕ" ಮತ್ತು "ನ"ದ ಮೂರನೇ ಎರಡು ಭಾಗ. ಇಂಗ್ಲಿಷಿನ "ಹೆಲೋ" ಅನ್ನುವ ಐದಕ್ಷರದ ಪದಕ್ಕೆ ಅಕ್ಷರ ಐದು, ಸಂಕೇತ ಐದು, ಯುಟಿಎಫ್-8 ಬೈಟ್ ಐದು. ಅಲ್ಲಿ ತಪ್ಪು ಮಾಡಿದರೂ ಸಿಕ್ಕಿಬೀಳುವುದಿಲ್ಲ. ಎಲ್ಲ ಪರೀಕ್ಷೆಯೂ ಪಾಸು. ಕನ್ನಡ ಬಂದ ದಿನ ಬಿರುಕು ಕಾಣುತ್ತದೆ, "ಕನ್ನಡ ಹಾಕಿದ ಮೇಲೆ ಸಾಫ್ಟ್‌ವೇರ್ ಕೆಟ್ಟಿತು" ಎಂಬ ಮಾತು ಹುಟ್ಟುತ್ತದೆ. ಕೆಟ್ಟದ್ದು ಮೊದಲೇ. ಕನ್ನಡ ಅದನ್ನು ತೋರಿಸಿಕೊಟ್ಟಿತು ಅಷ್ಟೆ.

ಕ್ರಮದ ತೊಂದರೆಯೂ ನಮಗೆ ಬೇರೆ ರೂಪದಲ್ಲಿ ಬರುತ್ತದೆ. "ಕ" ಅಕ್ಷರದ ಯುನಿಕೋಡ್ ಸಂಖ್ಯೆ 3221. ಯುಟಿಎಫ್-16ರಲ್ಲಿ ಅದು 12 ಮತ್ತು 149 ಎಂಬ ಎರಡು ಬೈಟ್. ತಿರುವಿ ಓದಿದರೆ 38156, ಅದು ಒಂದು ಚೀನೀ ಅಕ್ಷರ, ಅರ್ಥ ಸತು. ಇನ್ನು "ಕೋ" ಎಂಬುದನ್ನು ಎರಡು ಸಂಕೇತಗಳಲ್ಲಿ ಬರೆಯಬಹುದು, ಸ್ವರಚಿಹ್ನೆಯನ್ನು ಮೂರಾಗಿ ಬಿಡಿಸಿ ಒಟ್ಟು ನಾಲ್ಕರಲ್ಲೂ ಬರೆಯಬಹುದು. ಎರಡೂ ಒಂದೇ ಎಂದು ಯುನಿಕೋಡ್ ನಿಯಮ ಹೇಳುತ್ತದೆ, ಕಣ್ಣಿಗೂ ಒಂದೇ. ಬೈಟ್ ಬೈಟ್ ಹೋಲಿಸುವ ಪ್ರೋಗ್ರಾಂಗೆ ಮಾತ್ರ ಬೇರೆ ಬೇರೆ. ಪಟ್ಟಿಯಲ್ಲಿ ಕಣ್ಣೆದುರಿಗೇ ಇರುವ ಹೆಸರು ಹುಡುಕಿದಾಗ ಸಿಗುವುದಿಲ್ಲ.

ಈಗ ಬಿಲ್ಲಿನ ವಿಷಯ. ನೀರಾವರಿ ಪಂಪ್‌ಸೆಟ್ ನಿಯಂತ್ರಿಸುವ ಒಂದು ಸಲಕರಣೆಯ ಪರದೆ ಸಂದೇಶಗಳನ್ನು ನಾನು ಕನ್ನಡಕ್ಕೆ ಮಾಡಿದ್ದೆ. ಕೆಲವು ದಿನಗಳಾದ ಮೇಲೆ "ನಿಮ್ಮ ಅನುವಾದ ತುಂಡಾಗಿ ಬರುತ್ತಿದೆ, ಚಿಕ್ಕದು ಮಾಡಿ" ಎಂದು ದೂರು ಬಂತು. ಸಂದೇಶಗಳು ಹೋಗುವ ಫೈಲಿನ ವಿವರ ಕೇಳಿದರೆ "ಅದು ಎಂಜಿನಿಯರಿಂಗ್ ವಿಷಯ" ಅಂದರು. ಬೆನ್ನು ಬಿಡದೆ ಕೇಳಿದ ಮೇಲೆ ಗೊತ್ತಾದದ್ದು: ಪ್ರತಿ ಸಂದೇಶಕ್ಕೆ 32 ಬೈಟ್ ಜಾಗ, ಕೊನೆಯ ಬೈಟ್ ಸಿ ಭಾಷೆಯ ಮುಕ್ತಾಯದ ಗುರುತಿಗೆ, ಉಳಿದದ್ದು 31. ಕನ್ನಡಕ್ಕೆ ಹತ್ತು ಸಂಕೇತ.

"ಪಂಪ್ ಬಂದ್ ಆಗಿದೆ" ಅನ್ನಲು 41 ಬೈಟ್ ಬೇಕು. "ಪಂಪ್ ಬಂದ್ ಆಗಿಲ್ಲ" ಅನ್ನಲು 44. 31 ಬೈಟಿಗೆ ಕತ್ತರಿಸಿದರೆ ಎರಡೂ "ಪಂಪ್ ಬಂದ್ ಆ" ಆಗುತ್ತವೆ, ಬಾಲದಲ್ಲಿ "ಗ"ದ ಎರಡು ತುಣುಕು ಬೈಟ್. ಇಂಗ್ಲಿಷಿನಲ್ಲಿ ನಿಷೇಧದ ಪದ ನಡುವೆ ಬರುತ್ತದೆ, ಬಾಲ ಕತ್ತರಿಸಿದರೂ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಕನ್ನಡದಲ್ಲಿ ಹೌದು–ಅಲ್ಲ ಎರಡೂ ಕ್ರಿಯಾಪದದ ಕೊನೆಯಲ್ಲಿ. ಬಾಲ ಕತ್ತರಿಸಿದರೆ ಮೊದಲು ಸಾಯುವುದು "ಇಲ್ಲ". ಪಂಪು ನಿಂತಿದೆ ಎಂದು ತಿಳಿದು ಬಾವಿಯ ಹತ್ತಿರ ತಂತಿಗೆ ಕೈ ಹಾಕುವ ರೈತನಿಗೆ ಇದು ವ್ಯಾಕರಣದ ಸೂಕ್ಷ್ಮವಲ್ಲ, ಜೀವದ ಪ್ರಶ್ನೆ. ಇನ್ನೂ ಚಿಕ್ಕದು ಮಾಡಿ "ಪಂಪ್ ನಿಂತಿಲ್ಲ" ಅಂದರೂ 37 ಬೈಟ್. ಭಾಷೆಯನ್ನು ಎಷ್ಟು ಅಂತ ಹಿಂಡುವುದು?

ಆ ತುಂಡಾದ ಬಾಲವನ್ನು ಒಂದೊಂದು ಭಾಷೆ ಒಂದೊಂದು ಥರ ನೋಡುತ್ತದೆ. ಪೈಥಾನ್ ವಾಡಿಕೆಯಂತೆ ದೋಷ ಎಂದು ಕೂಗಿ ನಿಲ್ಲುತ್ತದೆ. ಜಾವಾ ಒಂದು ಪ್ರಶ್ನಾರ್ಥಕದ ಗುರುತು ತುಂಬಿ ಮುಂದೆ ಹೋಗುತ್ತದೆ. ಸಿ ಏನೂ ಕೇಳದೆ ಇದ್ದದ್ದನ್ನು ದಾಟಿಸುತ್ತದೆ. ಹಾಗಾಗಿ ಒಂದೇ ಫೈಲು, ಮೂರು ಪ್ರೋಗ್ರಾಂ, ಮೂರು ದೂರು. ಮೂರಕ್ಕೂ ಕೊನೆಗೆ ಸಿಕ್ಕ ಹೆಸರು ಒಂದೇ, "ಅನುವಾದದ ಸಮಸ್ಯೆ". 32 ಬೈಟ್ ಎಂದು ಮೊದಲ ದಿನವೇ ಒಂದು ಸಾಲು ಬರೆದು ಕೊಟ್ಟಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ, ಈ ಜಾಗದಲ್ಲಿ ಕನ್ನಡ ಹಿಡಿಸುವುದಿಲ್ಲ, ಜಾಗ ಹೆಚ್ಚಿಸಿ ಎಂದು.

ಅವರು ಹೇಳುವ ಪರಿಹಾರಗಳು

"ಬೈನರಿ ಬೇಡ, ಪಠ್ಯದಲ್ಲಿ ಕಳಿಸಿ, ಜೇಸನ್, ಸಿಎಸ್‌ವಿ ಇವೆಯಲ್ಲ" ಎನ್ನುವುದು ಮೊದಲನೆಯದು. ಚಿಕ್ಕ ಫೈಲುಗಳಿಗೆ ಒಳ್ಳೆಯದೇ, ನಾನೂ ಅದನ್ನೇ ಬಯಸುತ್ತೇನೆ. ಆದರೆ ಪಠ್ಯವಾದ ಮಾತ್ರಕ್ಕೆ ಅರ್ಥ ತಾನಾಗಿ ಬರುವುದಿಲ್ಲ. ಜೇಸನ್‌ನಲ್ಲಿ 9007199254740993 ಎಂದು ಬರೆದು ಜಾವಾಸ್ಕ್ರಿಪ್ಟ್‌ನಲ್ಲಿ ಓದಿ, ಕೊನೆಯ 3 ಹೋಗಿ 2 ಆಗಿರುತ್ತದೆ. ಅಷ್ಟು ದೊಡ್ಡ ಪೂರ್ಣಾಂಕವನ್ನು ಅದರ ವಾಡಿಕೆಯ ಸಂಖ್ಯೆ ಸರಿಯಾಗಿ ಹಿಡಿಯಲಾರದು. ಸಿಎಸ್‌ವಿಯ ಕಥೆ ಇನ್ನೂ ಚೆನ್ನ. ಸೆಪ್ಟ್1, ಮಾರ್ಚ್1 ಎಂಬ ಹೆಸರಿನ ಮಾನವ ಜೀನ್‌ಗಳನ್ನು ಎಕ್ಸೆಲ್ ದಿನಾಂಕಗಳಾಗಿ ತಿದ್ದಿಬಿಡುತ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, ಅಂಥ ಹೆಸರುಗಳನ್ನು ಬದಲಿಸಿದ್ದನ್ನು ಪ್ರಕಟಿಸಿತು. ಒಂದು ಫೈಲು "ಇದು ಹೆಸರು, ದಿನಾಂಕವಲ್ಲ" ಎಂದು ಹೇಳಲಾರದ್ದಕ್ಕೆ ಜೀವವಿಜ್ಞಾನ ತನ್ನ ಪದಕೋಶವನ್ನೇ ತಿದ್ದಿಕೊಂಡಿತು. ಹಾಗಾಗಿ ಶತ್ರು ಬೈನರಿ ಅಲ್ಲ, ಮೌನ.

"ಈಗ ಎಐಗೆ ಕೊಟ್ಟರೆ ಅದೇ ಕಂಡುಹಿಡಿಯುತ್ತದೆ" ಎನ್ನುವುದು ಹೊಸದು. ಊಹಿಸುತ್ತದೆ, ಒಪ್ಪೋಣ. ಆದರೆ 135, 129 ಎಂದರೂ 129, 135 ಎಂದರೂ ತಕರಾರಿಲ್ಲದೆ ಓದಿಸಿಕೊಳ್ಳುವ ಫೈಲಿನಲ್ಲಿ, ಅಳತೆ ಮಿಲಿಮೀಟರೋ ಇಂಚೋ ಎಂದು ಎಲ್ಲಿಯೂ ಬರೆಯದ ಫೈಲಿನಲ್ಲಿ, ಊಹೆ ಎಷ್ಟು ಜಾಣತನದ್ದಾದರೂ ಊಹೆಯೇ. ಲಿಪಿ ಕಣ್ಣೆದುರಿಗಿದ್ದೂ ಸಿಂಧೂ ಕಣಿವೆಯ ಮುದ್ರೆಗಳನ್ನು ಇಂದಿಗೂ ಎಲ್ಲರೂ ಒಪ್ಪುವಂತೆ ಓದಲಾಗಿಲ್ಲ. ಅಲ್ಲಿ ಹೇಳಲು ಯಾರೂ ಉಳಿದಿಲ್ಲ, ಅದು ಬೇರೆ ಮಾತು. ಇಲ್ಲಿ ಫೈಲು ಬರೆದವರು ಮುಂದಿನ ಮೇಜಿನಲ್ಲೇ ಚಹಾ ಕುಡಿಯುತ್ತಿದ್ದಾರೆ.

"ಯಾರಿಗೆ ಸಮಯವಿದೆ?" ಎನ್ನುವುದು ಮೂರನೆಯದು. ಇದಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬರೆದವರಿಗೆ ಅರ್ಧ ದಿನ ಉಳಿಯಿತು; ಓದುವ ಪ್ರತಿಯೊಬ್ಬರಿಗೂ ವಾರಗಟ್ಟಲೆ ಹೋಯಿತು. ಇದು ಉಳಿತಾಯವಲ್ಲ, ಖರ್ಚನ್ನು ಕೈಲಾಗದವರ ತಲೆಗೆ ಕಟ್ಟುವುದು. ನುಡಿ, ಬರಹ, ಶ್ರೀಲಿಪಿಯ ಹಳೆಯ ಫೈಲುಗಳನ್ನು ನೆನಪು ಮಾಡಿಕೊಳ್ಳಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಅವು. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಅವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಆದರೆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಊರಿನ ಸಂಘದ ಸ್ಮರಣ ಸಂಚಿಕೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ. ಯಾವ ಜಾಗದಲ್ಲಿ ಯಾವ ಆಕಾರವಿದೆ ಎಂದು ತಾಳ್ಮೆಯಿಂದ ಪಟ್ಟಿ ಮಾಡಿ ಪರಿವರ್ತಕ ಬರೆದವರಿಂದ ಇಂದು ಅವುಗಳಲ್ಲಿ ಎಷ್ಟೋ ಬದುಕಿವೆ. ಆ ಶ್ರಮಕ್ಕೆ ಸಂಬಳ ಕೊಟ್ಟವರು ಕಡಿಮೆ.

ಮಾಡಿ ತೋರಿಸಿದವರಿದ್ದಾರೆ

ಇದು ಆಗದ ಕೆಲಸವಲ್ಲ. ಖಗೋಳ ವಿಜ್ಞಾನಿಗಳು 1981ರಲ್ಲಿ ಫಿಟ್ಸ್ ಎಂಬ ಫೈಲ್ ರೂಪವನ್ನು ಪ್ರಕಟಿಸಿದರು. ಫೈಲಿನ ತಲೆಯಲ್ಲಿ 80 ಅಕ್ಷರಗಳ ಸಾಲುಗಳು, ಮನುಷ್ಯರು ಓದಬಹುದಾದ ಪಠ್ಯ: ಎಷ್ಟು ಆಯಾಮ, ಒಂದೊಂದು ಸಂಖ್ಯೆಗೆ ಎಷ್ಟು ಬಿಟ್, ಅಳತೆಯ ಮಾನ ಯಾವುದು. ಬೈಟ್ ಕ್ರಮ ಒಂದೇ ಎಂದು ನಿಗದಿ. ಮುಂದೆ ಯಾವ ಬದಲಾವಣೆ ಮಾಡಿದರೂ ಹಳೆಯ ಫೈಲು ಅಸಿಂಧುವಾಗಕೂಡದು ಎಂಬ ನಿಯಮ. ನಕ್ಷತ್ರಗಳಿಗಾಗಿ ಮಾಡಿದ ಆ ರೂಪವನ್ನು ವ್ಯಾಟಿಕನ್ ಗ್ರಂಥಾಲಯ ತನ್ನ ಹಸ್ತಪ್ರತಿಗಳ ಚಿತ್ರಗಳನ್ನು ಕಾಪಿಡಲು ಆರಿಸಿಕೊಂಡಿತು. ನೂರಾರು ವರ್ಷಗಳ ಲೆಕ್ಕದಲ್ಲಿ ಯೋಚಿಸುವವರು ಆರಿಸಿದ್ದು ತನ್ನನ್ನು ತಾನೇ ಪರಿಚಯಿಸಿಕೊಳ್ಳುವ ಫೈಲನ್ನು.

2016ರಲ್ಲಿ ಪೈಥಾನ್ ಕಡೆಯಿಂದ ವೆಸ್ ಮೆಕಿನಿ, ಆರ್ ಭಾಷೆಯ ಕಡೆಯಿಂದ ಹ್ಯಾಡ್ಲಿ ವಿಕಮ್ ಕೂಡಿ ಫೆದರ್ ಎಂಬ ಫೈಲ್ ರೂಪ ಮಾಡಿದರು. ಒಂದು ಭಾಷೆಯಲ್ಲಿ ಬರೆದ ಕೋಷ್ಟಕ ಇನ್ನೊಂದರಲ್ಲಿ ಹಾಗೆಯೇ, ವೇಗವಾಗಿ ತೆರೆಯಬೇಕು ಎಂಬುದಷ್ಟೇ ಗುರಿ. ಪೈಪೋಟಿಯಲ್ಲಿದ್ದ ಎರಡು ಭಾಷೆಗಳವರು ಒಂದು ಮೇಜಿಗೆ ಬಂದು ಮಾತಾಡಿಕೊಂಡರು. ಎಲ್ಲ ಕಡೆ ಬೇಕಾದದ್ದು ಅಷ್ಟೇ.

ಈ ಪತ್ರ ಓದುವವರಲ್ಲಿ ಪುಣೆ, ಹೈದರಾಬಾದ್, ಚೆನ್ನೈಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೂತವರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ನಾನು ಕೇಳುವುದು ದೊಡ್ಡದಲ್ಲ. ನಿಮ್ಮ ಪ್ರೋಗ್ರಾಂ ಹೊರಗಿನವರಿಗೆ ಫೈಲು ಕೊಡುವುದಾದರೆ ಅದರ ಮೊದಲ ಕೆಲವು ಬೈಟ್‌ಗಳಲ್ಲಿ ಅದರ ಹೆಸರು ಮತ್ತು ಆವೃತ್ತಿ ಇರಲಿ. ಬೈಟ್ ಕ್ರಮ ಯಾವುದು, ಒಂದೊಂದು ಸಂಖ್ಯೆಗೆ ಎಷ್ಟು ಬೈಟ್, ಕೋಷ್ಟಕದಲ್ಲಿ ಯಾವ ಅಳತೆ ಬೇಗ ಓಡುತ್ತದೆ, ಲೆಕ್ಕ ಇಲ್ಲದ ಕಡೆ ಏನು ಬರೆದಿದ್ದೀರಿ, ಅಳತೆಯ ಮಾನ ಯಾವುದು, ಪಠ್ಯ ಯಾವ ಸಂಕೇತದಲ್ಲಿದೆ, ಅದರ ಉದ್ದವನ್ನು ಬೈಟಿನಲ್ಲಿ ಎಣಿಸಿದ್ದೀರೋ ಸಂಕೇತದಲ್ಲೋ, ಇಷ್ಟನ್ನು ಫೈಲಿನ ತಲೆಯಲ್ಲೇ ಬರೆಯಿರಿ. ಆಗದಿದ್ದರೆ ಒಂದು ಪುಟ ಬರೆದು ಪ್ರತಿ ಫೈಲಿನ ಜೊತೆಗೂ ಕಳಿಸಿ. ಒಳಗೇನಿದೆ ಎಂದು ಗೊತ್ತಿರುವ ಒಂದು ಪುಟ್ಟ ಮಾದರಿ ಫೈಲು ಕೊಡಿ. ಅದನ್ನು ನೀವು ಬರೆದ ಭಾಷೆ ಬಿಟ್ಟು ಇನ್ನೊಂದು ಭಾಷೆಯಲ್ಲಿ ಒಮ್ಮೆ ಓದಿ ನೋಡಿ. ಆ ಮಾದರಿಯಲ್ಲಿ ಒಂದು ಸಾಲು ಕನ್ನಡ ಹಾಕಿ. ಭಾಷಾಭಿಮಾನಕ್ಕಲ್ಲ, ಪರೀಕ್ಷೆಗೆ. ಒತ್ತಕ್ಷರವೂ ದೀರ್ಘವೂ ಇರುವ ಒಂದು ಸಾಲು ಕನ್ನಡ ಹಿಡಿಯುವ ತಪ್ಪನ್ನು ಸಾವಿರ ಸಾಲು ಇಂಗ್ಲಿಷ್ ಹಿಡಿಯುವುದಿಲ್ಲ.

ಸಾಫ್ಟ್‌ವೇರ್ ಕೊಳ್ಳುವ ಕಡೆ ಕೂತವರಿಗೆ, ಅಂದರೆ ಸಂಘದ ಕಾರ್ಯದರ್ಶಿಗಳಿಗೆ, ಗ್ರಂಥಪಾಲಕರಿಗೆ, ಕಚೇರಿಯ ಅಧಿಕಾರಿಗಳಿಗೆ, ನನ್ನಂತೆ ಕೂಲಿಗೆ ಅನುವಾದ ಮಾಡುವವರಿಗೆ ಒಂದು ಮಾತು: ಕೆಲಸ ಒಪ್ಪಿಕೊಳ್ಳುವ ಮೊದಲು "ಫೈಲಿನ ವಿವರಣೆ ಎಲ್ಲಿ?" ಎಂದು ಕೇಳಿ. ಖರೀದಿಯ ಕರಾರಿನಲ್ಲಿ ಆ ಒಂದು ಸಾಲು ಸೇರಿಸಿ. "ಅದು ತಾಂತ್ರಿಕ ವಿಷಯ, ನಿಮಗೆ ಬೇಡ" ಎಂದರೆ ನಂಬಬೇಡಿ. ಫೈಲಿನಲ್ಲಿರುವುದು ನಿಮ್ಮ ಮಾತು, ನಿಮ್ಮ ಮಳೆ, ನಿಮ್ಮ ಲೆಕ್ಕ. ಅದನ್ನು ಓದುವ ಕ್ರಮ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಫೈಲು ನಿಮ್ಮ ಡಿಸ್ಕಿನಲ್ಲಿದ್ದೂ ನಿಮ್ಮದಲ್ಲ.